ಋಣ ಇದೆ, ಹಂಗಿಲ್ಲ

ಉಪಕಾರ ಮಾಡಿದವನು ಅದನ್ನು ನಾಲ್ಕು ಮಂದಿಯ ಎದುರು ಎತ್ತಿ ಆಡಿದರೆ ಬೈಲಹೊಂಗಲದ ಕಡೆ ನಾವು ‘ಹಂಗಿಸಿದ’ ಅನ್ನುತ್ತೇವೆ. ಹಂಗಿಸಿದ ಮೇಲೆ ಉಂಡದ್ದು ಮೈಗೆ ಹತ್ತುವುದಿಲ್ಲ. ಋಣದ ಮಾತು ಹಾಗಲ್ಲ. ಊರು ಬಿಟ್ಟು ಹೊರಡುವವರು ‘ಈ ಊರಿನ ಅನ್ನದ ಋಣ ತೀರಿತು’ ಅನ್ನುತ್ತಾರೆ. ಅದರಲ್ಲಿ ನೋವಿದೆ, ಅವಮಾನವಿಲ್ಲ. ಋಣವನ್ನು ತೀರಿಸಬಹುದು, ತೀರಿಸಲಾಗದಿದ್ದರೂ ಒಪ್ಪಿಕೊಂಡು ತಲೆ ಎತ್ತಿ ನಡೆಯಬಹುದು. ಹಂಗು ಮಾತ್ರ ಬಾಯಿ ಕಟ್ಟುತ್ತದೆ. ಈ ಎರಡು ಪದಗಳ ನಡುವಿನ ಅಂತರ ನನಗೆ ನಿಜವಾಗಿ ಬೇಕಾಗಿ ಬಂದದ್ದು ಮಂಗಳೂರಿನ ಒಂದು ಕ್ರೈಸ್ತ ಕಾಲೇಜಿನ ಗ್ರಂಥಾಲಯದಲ್ಲಿ.

ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಸಭಾಪಾಲಕರನ್ನು, ಅಂದರೆ ಪಾದ್ರಿಗಳನ್ನು, ತಯಾರು ಮಾಡುವ ಸಂಸ್ಥೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಇಲ್ಲಿನವರಿಗೇ ದೇವಶಾಸ್ತ್ರ ಕಲಿಸುವ ಶಾಲೆಯನ್ನು ಅವರು 1847ರಲ್ಲಿ ಶುರು ಮಾಡಿದರು. 1965ರಲ್ಲಿ ತುಮಕೂರಿನ ಅಂಥದೇ ಇನ್ನೊಂದು ಶಾಲೆ ಇದರೊಂದಿಗೆ ಸೇರಿ ಈಗಿನ ಹೆಸರು ಬಂತು. ಕನ್ನಡದಲ್ಲಿ ಪಿಎಚ್.ಡಿ. ಮಾಡುವವರಿಗೆ ಅಲ್ಲೇನು ಕೆಲಸ ಎಂದರೆ, ಅಲ್ಲಿನ ಗ್ರಂಥಾಲಯ ಮತ್ತು ಪತ್ರಾಗಾರದಲ್ಲಿ ಮಿಶನ್ ಕಾಲದ ಕನ್ನಡ ಪುಸ್ತಕಗಳಿವೆ, ಹಳೆಯ ಕಾಗದಪತ್ರಗಳಿವೆ. ನಾವು ಎಂ.ಎ. ಪರೀಕ್ಷೆಗೆ ‘ಕ್ರೈಸ್ತ ಮಿಶನರಿಗಳ ಕನ್ನಡ ಸೇವೆ’ ಎಂಬ ತಲೆಬರಹದಡಿ ಐದು ಅಂಕಕ್ಕೆ ಬರೆದು ಮರೆತ ಹೆಸರುಗಳು ಅಲ್ಲಿ ಕಪಾಟಿನಲ್ಲಿ ಸಾಲಾಗಿ ನಿಂತಿರುತ್ತವೆ.

ಆ ಸೇವೆ ಸಣ್ಣದಲ್ಲ. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಮುಂದಿನ ಕೆಲವು ವರ್ಷಗಳಲ್ಲಿ, ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಹಣದ ನೆರವಿನಿಂದ, ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅಚ್ಚಾದವು. ತಾಳೆಗರಿಯಲ್ಲಿ, ಕಡತದಲ್ಲಿ, ಬಾಯಲ್ಲಿ ಮಾತ್ರ ಇದ್ದದ್ದು ಪುಸ್ತಕವಾಯಿತು. ಆಮೇಲೆ ಫರ್ಡಿನಾಂಡ್ ಕಿಟೆಲ್ ಬಂದರು. ಅವರು 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. 1894ರಲ್ಲಿ 70 ಸಾವಿರದಷ್ಟು ಪದಗಳ ನಿಘಂಟು ತಂದರು. ಹಂಗು, ಋಣ ಎರಡಕ್ಕೂ ನಾನು ಮೊದಲು ಬಿಡಿಸಿ ನೋಡಿದ್ದು ಆ ನಿಘಂಟನ್ನೇ.

ಇದೆಲ್ಲ ಯಾತಕ್ಕಾಗಿ? ಕನ್ನಡದ ಮೇಲಿನ ಪ್ರೀತಿಗೆ ಎಂದು ಭಾಷಣಗಳಲ್ಲಿ ಹೇಳುತ್ತೇವೆ. ಪ್ರೀತಿ ಹುಟ್ಟಿತ್ತು, ಸುಳ್ಳಲ್ಲ. ಆದರೆ ಅವರು ಹಡಗು ಹತ್ತಿದ್ದು ನಮ್ಮನ್ನು ಕ್ರೈಸ್ತರನ್ನಾಗಿ ಮಾಡಲು, ಇದನ್ನು ಅವರು ಎಂದೂ ಮುಚ್ಚಿಡಲಿಲ್ಲ. ಬಸವಪುರಾಣ ಓದಿದ್ದು ಲಿಂಗಾಯತರೊಡನೆ ವಾದಿಸಲು ಬೇಕೆಂದು, ದಾಸರ ಪದ ಓದಿದ್ದು ಜನರ ಮನಸ್ಸು ತಿಳಿಯಬೇಕೆಂದು. ಕಿಟೆಲ್ 1862ರಲ್ಲೇ ‘ಕಥಾಮಾಲೆ’ ಎಂಬ ಕೃತಿಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ತಂದಿದ್ದರು. ಛಂದಸ್ಸು ಕಲಿತದ್ದು ಸುಮ್ಮನೆ ಅಲ್ಲ.

ಈ ವಿಷಯ ಎತ್ತಿದಾಗಲೆಲ್ಲ ನನ್ನ ಓರಗೆಯವರಲ್ಲಿ ಎರಡು ಗುಂಪಾಗುತ್ತದೆ. ಒಂದು ಗುಂಪು ಕೈಮುಗಿದು ನಿಲ್ಲುತ್ತದೆ. ಇಷ್ಟು ಮಾಡಿದವರ ಉದ್ದೇಶ ಕೆದಕುವುದು ಕೃತಘ್ನತೆ ಅನ್ನುತ್ತದೆ. ಇನ್ನೊಂದು ಗುಂಪಿನ ಗೆಳೆಯನೊಬ್ಬ ಹಾಸ್ಟೆಲಿನ ಕಟ್ಟೆಯ ಮೇಲೆ ಕೂತು ಕೇಳಿದ: “ನಮ್ಮ ದೇವರನ್ನ ಬೈಲಾಕ ನಮ್ಮ ಪುಸ್ತಕಾ ಓದಿದ್ರು. ಅದಕ್ಕ ನಾವು ಕೈ ಮುಗೀಬೇಕೇನು?” ಇಬ್ಬರೂ ಒಂದು ವಿಷಯದಲ್ಲಿ ಒಪ್ಪುತ್ತಾರೆ ಎಂಬುದು ನನಗೆ ತಡವಾಗಿ ಹೊಳೆಯಿತು. ಕೊಟ್ಟವನ ಉದ್ದೇಶವೇ ಪಡೆದವನ ಋಣವನ್ನು ನಿರ್ಧರಿಸುತ್ತದೆ ಎಂದು ಇಬ್ಬರೂ ನಂಬಿದ್ದಾರೆ. ಅದಕ್ಕೇ ಒಬ್ಬ ಉದ್ದೇಶವನ್ನು ತೊಳೆದು ಬಿಳಿ ಮಾಡಬೇಕು, ಇನ್ನೊಬ್ಬ ಉಪಕಾರವನ್ನೇ ಇಲ್ಲ ಎನ್ನಬೇಕು.

ಗೆಳೆಯನ ಸಿಟ್ಟನ್ನು ನಾನು ತಳ್ಳಿಹಾಕಲಾರೆ. ನಮ್ಮ ಮನೆಯಿಂದ ವರ್ಷಕ್ಕೊಮ್ಮೆ ಸವದತ್ತಿಯ ಗುಡ್ಡಕ್ಕೆ, ಎಲ್ಲಮ್ಮನ ಜಾತ್ರೆಗೆ ಹೋಗುವುದು ಇವತ್ತಿಗೂ ಇದೆ. ನಮ್ಮ ಜಾತ್ರೆ, ಹರಕೆ, ದೇವರುಗಳನ್ನು ಮಿಶನರಿ ಬರಹಗಳು ಕತ್ತಲೆ ಎಂಬ ಒಂದೇ ಪದದಲ್ಲಿ ಮುಗಿಸುವಾಗ, ಭಂಡಾರ ಹಚ್ಚಿಕೊಂಡ ಹಣೆಯ ಅಜ್ಜಿಯರೆಲ್ಲ ಆ ಕತ್ತಲೆಯಲ್ಲಿ ಸೇರಿಬಿಡುತ್ತಾರೆ. ಓದುವವರಿಗೆ ಮೈ ಉರಿಯುತ್ತದೆ. ಹಾಗೆಂದು ಟೀಕೆಯಲ್ಲಿ ಏನೂ ನಿಜವಿಲ್ಲ ಅನ್ನಲೂ ಬಾಯಿ ಬಾರದು. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದನ್ನು ನಿಲ್ಲಿಸಲು ಕರ್ನಾಟಕ ಸರ್ಕಾರ 1982ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಬೈಗುಳದಲ್ಲೂ ನಿಜದ ಒಂದು ಎಳೆ ಇರುವುದೇ ಅದನ್ನು ಓದುವುದನ್ನು ಇನ್ನಷ್ಟು ಕಷ್ಟ ಮಾಡುತ್ತದೆ.

ಅದೇ ಸವದತ್ತಿಯಲ್ಲಿ ಇನ್ನೊಂದು ಬಗೆಯ ವಿಚಾರವೂ ಸಿಗುತ್ತದೆ, ಕಲ್ಲಿನ ಮೇಲೆ. ಸುಗಂಧವರ್ತಿ ಅದರ ಹಳೆಯ ಹೆಸರು. ರಟ್ಟರ ರಾಜಧಾನಿಯಾಗಿದ್ದ ಊರು. ಕ್ರಿ.ಶ. 980ರ ಅಲ್ಲಿನ ಶಾಸನ ರಟ್ಟರ ಶಾಂತಿವರ್ಮ ಬಸದಿಗೆ ಕೊಟ್ಟ ದತ್ತಿಯನ್ನು ಹೇಳುತ್ತದೆ. ನಮ್ಮ ದಾನಶಾಸನಗಳನ್ನು ಓದಿದವರಿಗೆ ಅವು ಕೊನೆಗೊಳ್ಳುವ ರೀತಿ ಗೊತ್ತು: ಕಾಯ್ದವರಿಗೆ ಪುಣ್ಯ, ಕಿತ್ತುಕೊಂಡವರಿಗೆ ಘೋರ ಪಾಪ. ತಾನು ಕೊಡುವುದಕ್ಕಿಂತ ಬೇರೆಯವರು ಕೊಟ್ಟದ್ದನ್ನು ಕಾಪಾಡುವುದು ಹೆಚ್ಚು ಎಂಬ ಭಾವ ಎಷ್ಟೋ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಾಯುವವನು ಯಾವ ಮತದವನಾಗಿರಬೇಕು, ಯಾವ ಮನಸ್ಸಿನಿಂದ ಕಾಯಬೇಕು ಎಂದು ಕಲ್ಲು ಕೇಳುವುದಿಲ್ಲ. ಜೈನ ಬಸದಿಯ ಭೂಮಿಯನ್ನು ಮುಂದೆ ಬರುವ ಶೈವ ಅರಸನೂ ಕಾಯಬಹುದು, ಪಾಪದ ಹೆದರಿಕೆಯಿಂದಲೇ ಕಾಯಬಹುದು. ಶಾಸನ ಬರೆಸಿದವರಿಗೆ ಮನುಷ್ಯರ ಉದ್ದೇಶಗಳ ಮೇಲೆ ಅಷ್ಟೇನೂ ಭರವಸೆ ಇರಲಿಲ್ಲ, ಅದಕ್ಕೇ ಕಲ್ಲಿನಲ್ಲಿ ಕೆತ್ತಿಸಿದರು. ಕಾಯುವುದನ್ನು ಒಂದು ಸ್ವತಂತ್ರ ಕೆಲಸವೆಂದು, ಅದಕ್ಕೆ ತನ್ನದೇ ಪುಣ್ಯವಿದೆಯೆಂದು ನೋಡುವ ಈ ದೃಷ್ಟಿ ನಮ್ಮದೇ. ಮಿಶನರಿಗಳ ಲೆಕ್ಕ ನೋಡುವಾಗ ಮಾತ್ರ ಅದನ್ನೇಕೆ ಮರೆಯಬೇಕು?

ನಿಘಂಟಿನ ಕೆಲಸವನ್ನೇ ನೋಡಿ. ಮತಾಂತರಕ್ಕೆಂದೇ ನಿಘಂಟು ಮಾಡಲು ಕೂತರೂ ಅದನ್ನು ಮತಾಂತರಕ್ಕೆ ಬೇಕಾದ ಹಾಗೆ ಮಾಡಲು ಬರುವುದಿಲ್ಲ. ಲಿಂಗ, ಜಂಗಮ, ಪ್ರಸಾದ ಎಂಬ ಪದಗಳಿಗೆ ಜನ ಕೊಡುವ ಅರ್ಥವನ್ನೇ ಕೊಡಬೇಕು. ತನಗೆ ಬೇಕಾದ ಅರ್ಥ ಬರೆದರೆ ಆ ನಿಘಂಟು ಹಿಡಿದು ಸಂತೆಯಲ್ಲಿ ಬೋಧನೆಗೆ ನಿಂತ ಪಾದ್ರಿಯನ್ನೇ ಜನ ನಗುತ್ತಾರೆ. 1853ರಲ್ಲಿ ಬಂದ ಕಿಟೆಲ್ ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಎಂದು ತಿರುಗಿದರು. ಗಾದೆ ಕೂಡಿಸಿದರು, ಜೈನರ, ವೀರಶೈವರ, ಬ್ರಾಹ್ಮಣರ ಗ್ರಂಥಗಳ ಮುಂದೆ ಕೂತು ವರ್ಷಗಟ್ಟಲೆ ಓದಿದರು. ಕಲಿಸಲು ಬಂದವರು ಆ ಹೊತ್ತಿಗೆಲ್ಲ ವಿದ್ಯಾರ್ಥಿಯಾಗಿದ್ದರು. ಕೆಲಸಕ್ಕೆ ತನ್ನದೇ ಒಂದು ಪ್ರಾಮಾಣಿಕತೆ ಇರುತ್ತದೆ, ಅದು ಕೆಲಸಗಾರನ ಉದ್ದೇಶವನ್ನು ಮೀರಿ ಅವನನ್ನು ಆಳುತ್ತದೆ. ಒಳ್ಳೆಯ ಬಡಿಗ ಯಾರ ಮನೆಗೆ ಬಾಗಿಲು ಮಾಡಿದರೂ ಕೂಡು ಸರಿಯಾಗಿಯೇ ಕೂಡಿಸುತ್ತಾನೆ.

ಇಷ್ಟಕ್ಕೇ ನಿಂತರೆ ನನ್ನ ವಾದ ಬಲು ಸುಲಭವಾಗಿಬಿಡುತ್ತದೆ. ನಿಖರವಾಗಿ ಓದುವುದೇ ಒಳ್ಳೆಯದಾದರೆ ಇನಾಮ್ ಕಮಿಷನ್ನಿನವರನ್ನೂ ಹೊಗಳಬೇಕಾಗುತ್ತದೆ. 1850ರ ದಶಕದಲ್ಲಿ ನಮ್ಮ ಸೀಮೆಯಲ್ಲಿ ಹಳೆಯ ಸನದು, ಕಾಗದಗಳನ್ನು ಅವರಷ್ಟು ಶ್ರದ್ಧೆಯಿಂದ ಓದಿದವರು ಇನ್ನಾರೂ ಇರಲಿಕ್ಕಿಲ್ಲ. ಅವರು ಓದಿದ್ದು, ಯಾವ ಇನಾಮು ಯಾವ ದಾಖಲೆಯಿಲ್ಲದೆ ನಡೆದಿದೆ ಎಂದು ಹುಡುಕಿ ಕಿತ್ತುಕೊಳ್ಳಲು. ಆ ಕಮಿಷನ್ನಿನಲ್ಲಿ ಕೆಲಸ ಮಾಡಿ ಜನರ ದ್ವೇಷ ಕಟ್ಟಿಕೊಂಡ ಮ್ಯಾನ್ಸನ್ ಮುಂದೆ ಈ ಭಾಗದ ಪೊಲಿಟಿಕಲ್ ಏಜೆಂಟನಾದ. 1858ರ ಮೇ 29ರ ರಾತ್ರಿ, ಈಗಿನ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ, ನರಗುಂದದ ಬಾಬಾಸಾಹೇಬನ ಜನ ಅವನನ್ನು ಕೊಂದರು. ದತ್ತು ಸ್ವೀಕಾರಕ್ಕೆ ಅನುಮತಿ ಸಿಗದೆ ಬೆಂದಿದ್ದ ಬಾಬಾಸಾಹೇಬ ವಿದ್ಯೆಯ ರುಚಿ ಇದ್ದವನು; ಅವನ ಬಳಿ ಸಾವಿರಾರು ಸಂಸ್ಕೃತ ಗ್ರಂಥಗಳ ಸಂಗ್ರಹವಿತ್ತೆಂಬುದು ಬ್ರಿಟಿಷರ ಬರಹದಲ್ಲೇ ಬರುತ್ತದೆ. ಗ್ರಂಥ ಕೂಡಿಸಿದವನು ಗಲ್ಲಿಗೇರಿದ, ಕಾಗದ ಓದಿದವರ ಆಳ್ವಿಕೆ ಉಳಿಯಿತು. ಶ್ರದ್ಧೆಯ ಓದು ತಾನಾಗಿಯೇ ಯಾರನ್ನೂ ಪವಿತ್ರ ಮಾಡುವುದಿಲ್ಲ.

ಕಿತ್ತೂರಿನ ಕತೆ ಇನ್ನೂ ತೊಡಕಿನದು. ಅದೂ ದತ್ತಕದ ಜಗಳವೇ. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತ. ಅವನ ಸಹಾಯಕರಾಗಿದ್ದ ಸ್ಟೀವನ್ಸನ್ ಮತ್ತು ಎಲಿಯಟ್ ಚನ್ನಮ್ಮನವರ ಸೆರೆಯಾಳುಗಳಾದರು. ಡಿಸೆಂಬರಿನಲ್ಲಿ ಕೋಟೆ ಬೀಳುವ ಮುನ್ನ ಅವರನ್ನು ಬಿಟ್ಟುಕೊಡಲಾಯಿತು. ಆ ಎಲಿಯಟ್ ಮುಂದೆ 1833ರವರೆಗೆ ಈ ಭಾಗದಲ್ಲೇ ಇದ್ದು, ಊರೂರಿನ ಕಲ್ಲುಗಳ ಶಾಸನಗಳನ್ನು ನಕಲು ಮಾಡಿಸಿದ ವಾಲ್ಟರ್ ಎಲಿಯಟ್. 595 ಶಾಸನಗಳ ಆ ಸಂಗ್ರಹದ ಪ್ರತಿಗಳು ಹೋಗಿ ಸೇರಿದ್ದು ಲಂಡನ್ನಿಗೆ, ಎಡಿನ್‌ಬರೋಗೆ. ಚಾಲುಕ್ಯರ ಇತಿಹಾಸವನ್ನು ಮೊದಲು ಒಂದು ಕ್ರಮಕ್ಕೆ ತಂದವರಲ್ಲಿ ಅವನೊಬ್ಬ. ಸೆರೆಯಾಳಾಗಿ ಜೀವ ಉಳಿಸಿಕೊಂಡವನು ನಮ್ಮ ಕಲ್ಲುಗಳ ಮಾತು ಉಳಿಸಿದ. ಚನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡರು. ಈ ಎರಡು ಸೆರೆಗಳನ್ನು ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುವ ಧೈರ್ಯ ನನಗಿಲ್ಲ. ತೂಗಬಾರದು ಎಂದೇ ನನ್ನ ಅಭಿಪ್ರಾಯ. ಕಲ್ಲಿನ ನಕಲು ಕೋಟೆಯ ಲೂಟಿಗೆ ಪರಿಹಾರವಲ್ಲ, ಹಾಗೆಯೇ ಕೋಟೆಯ ಲೂಟಿ ನಕಲನ್ನು ಸುಳ್ಳು ಮಾಡುವುದೂ ಇಲ್ಲ.

ಹಾಗಾದರೆ ಇನಾಮ್ ಕಮಿಷನ್ನಿನ ಓದಿಗೂ ಕಿಟೆಲ್ಲರ ಓದಿಗೂ ಇರುವ ವ್ಯತ್ಯಾಸ ಯಾವುದು? ಉದ್ದೇಶ ಎನ್ನಲು ಬರುವುದಿಲ್ಲ, ಅದನ್ನು ಆಗಲೇ ಬದಿಗಿಟ್ಟಿದ್ದೇವೆ. ನಿಖರತೆಯೂ ಅಲ್ಲ. ಓದಿ ಆದ ಮೇಲೆ ಆ ಓದಿನ ಫಲ ಎಲ್ಲಿ ಉಳಿಯಿತು, ಯಾರು ಅದನ್ನು ಕೈಗೆತ್ತಿಕೊಳ್ಳಬಹುದಿತ್ತು ಎಂಬುದನ್ನು ನೋಡಬೇಕು ಎಂದು ನನಗೆ ತೋರುತ್ತದೆ. ಕಮಿಷನ್ನಿನ ಓದು ಒಂದು ತೀರ್ಪಾಗಿ ಮುಗಿಯಿತು. ಆ ತೀರ್ಪನ್ನು ಇನಾಮುದಾರ ತಿರುಗಿಸಿ ತನ್ನ ಉಪಯೋಗಕ್ಕೆ ಹಚ್ಚಲಾರ. ನಿಘಂಟು ಹಾಗಲ್ಲ. ಮಂಗಳೂರಿನಲ್ಲಿ ಅಚ್ಚಾಗಿ ಕನ್ನಡಿಗರ ಕೈಗೆ ಬಂದ ದಿನದಿಂದ ಅದು ಕಿಟೆಲ್ಲರ ಮಾತು ಕೇಳುವುದನ್ನು ಬಿಟ್ಟಿತು. ಅದನ್ನು ಹಿಡಿದು ಶೈವ ಪುರಾಣವನ್ನೂ ಓದಬಹುದು, ಮಿಶನ್ನಿನ ಬರಹಕ್ಕೆ ಎದುರು ಉತ್ತರವನ್ನೂ ಬರೆಯಬಹುದು. ಯಾರಿಂದ ಪಡೆದರೋ ಅವರೇ ಅದನ್ನು ತಮ್ಮ ಕೆಲಸಕ್ಕೆ, ಕೊಟ್ಟವನ ವಿರುದ್ಧವೂ, ಬಳಸಬಹುದಾದರೆ ಅಲ್ಲಿ ಋಣ ಇರುತ್ತದೆ, ಹಂಗು ಇರುವುದಿಲ್ಲ.

ಕೊಟ್ಟವರಿಗೂ ಇದು ಗೊತ್ತಿತ್ತು ಎನ್ನಲು ಹಳಕಟ್ಟಿಯವರ ಪ್ರಸಂಗವೇ ಸಾಕು. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ವಚನಗಳ ಕಟ್ಟುಗಳನ್ನು ಕೂಡಿಸಿ, ‘ವಚನ ಶಾಸ್ತ್ರಸಾರ’ದ ಹಸ್ತಪ್ರತಿಯನ್ನು ಅಚ್ಚಿಗೆಂದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳಿಸಿದ್ದರು. ಅವರ ಜೀವನ ಬರೆದವರು ಹೇಳುವ ಪ್ರಕಾರ ಅದು ಅಚ್ಚಾಗದೆ ಹಿಂದಕ್ಕೆ ಬಂತು. ಇಂಥ ಮಾತು ಇಲ್ಲಿಯೇ ಇದೆ ಎಂದು ಜನರಿಗೆ ತಿಳಿದರೆ ತಮ್ಮ ಬೋಧನೆಗೆ ತೊಡಕಾದೀತು ಎಂಬುದು ಕಾರಣ. ಬಸವಪುರಾಣ ಅಚ್ಚು ಮಾಡಿದ ಅದೇ ಮಿಶನ್ ಮುದ್ರಣಾಲಯ ಸುಮಾರು 70 ವರ್ಷಗಳ ಮೇಲೆ ಬಸವಣ್ಣನ ಮಾತನ್ನೇ ವಾಪಸು ಕಳಿಸಿತು. ಪುರಾಣದ ಜೊತೆ ವಾದ ಮಾಡಬಹುದಿತ್ತು, ವಚನದ ಜೊತೆ ಕಷ್ಟವಾಯಿತೇನೋ. ಪುಸ್ತಕ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ಎರಡು ವರ್ಷದ ಮೇಲೆ ಹಳಕಟ್ಟಿಯವರು ವಿಜಯಪುರದಲ್ಲಿ ತಮ್ಮದೇ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು.

ಈ ಪ್ರಸಂಗವನ್ನು ಹೇಳಿ ‘ನೋಡಿದಿರಾ, ಇವರ ಬಣ್ಣ’ ಎಂದು ಮುಗಿಸುವವರಿದ್ದಾರೆ. ನನಗೆ ಇದರಲ್ಲಿ ಕಾಣುವುದು ಬೇರೆ. ಋಣ ಎಂಬುದು ಒಂದು ಸಂಸ್ಥೆಗೆ ಇಡಿಯಾಗಿ ಸಲ್ಲುವಂಥದ್ದಲ್ಲ, ಒಂದೊಂದು ಕೆಲಸಕ್ಕೆ ಬೇರೆ ಬೇರೆಯಾಗಿ ಸಲ್ಲುತ್ತದೆ. ಹಸ್ತಪ್ರತಿ ಮರಳಿಸಿದ್ದನ್ನು ಹೇಳಲು 1850ರ ದಾಸರ ಪದಗಳ ಪುಸ್ತಕ ನನ್ನ ಬಾಯಿ ಕಟ್ಟಬಾರದು. ಮರಳಿಸಿದ ಸಿಟ್ಟಿಗೆ ದಾಸರ ಪದಗಳ ಪುಸ್ತಕವನ್ನು ಮರೆಯಲೂಬಾರದು.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ಲೆಕ್ಕವನ್ನೂ ತೆಗೆಯಬೇಕು. ನಮ್ಮ ತಾಲೂಕುಗಳ ಎಷ್ಟೋ ಮನೆಗಳ ಜಗಲಿಯ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಗ್ರಂಥದ ಕಟ್ಟುಗಳಿವೆ. ವರ್ಷಕ್ಕೊಮ್ಮೆ ಮಹಾನವಮಿಗೆ ಕೆಳಗಿಳಿಸುತ್ತಾರೆ, ಅರಿಸಿನ ಕುಂಕುಮ ಹಚ್ಚುತ್ತಾರೆ, ಊದುಬತ್ತಿ ಬೆಳಗುತ್ತಾರೆ, ಬಿಚ್ಚದೆ ಮತ್ತೆ ಮೇಲಿಡುತ್ತಾರೆ. ಒಳಗೆ ಗೆದ್ದಲು ತನ್ನ ಓದು ನಡೆಸಿರುತ್ತದೆ. ಬಿಚ್ಚಿ ತೋರಿಸಿ ಎಂದರೆ ಮೊದಲು ಬರುವ ಪ್ರಶ್ನೆ ‘ನೀವು ಯಾರ ಪೈಕಿ?’ ಜಾತಿ ತಿಳಿಯದೆ ಗಂಟು ಬಿಚ್ಚುವುದಿಲ್ಲ, ತಿಳಿದ ಮೇಲೂ ಕೆಲವರಿಗೆ ಬಿಚ್ಚುವುದಿಲ್ಲ. ಮುಟ್ಟಬಾರದವರು ಎಂದು ನಾವು ಹೊರಗಿಟ್ಟ ಜನರ ಹೆಸರು, ಮದುವೆ, ಸಾವುಗಳ ತಾರೀಖನ್ನು ಬರೆದಿಡುವ ಪುಸ್ತಕ ನಮ್ಮ ಯಾವ ಮಠದಲ್ಲಿತ್ತು? ಮಿಶನ್ ಸಭೆಗಳು ದೀಕ್ಷಾಸ್ನಾನದ ದಾಖಲೆ ಇಟ್ಟವು. ತಮ್ಮ ಲೆಕ್ಕಕ್ಕೆ ಇಟ್ಟವು, ನಿಜ. ಆದರೂ ಆ ಪುಟಗಳಲ್ಲಿ ಒಬ್ಬಳು ಕೂಲಿಯ ಹೆಣ್ಣುಮಗಳಿಗೆ ಒಂದು ಸಾಲು ಸಿಕ್ಕಿತು. ಅಂಥ ಮನೆಯ ಮೊಮ್ಮಗನಿಗೆ ಬಲ್ಮಠದಂಥ ಗ್ರಂಥಾಲಯ ಪರರ ಮನೆಯಲ್ಲ. ‘ನಮ್ಮ ಪುಸ್ತಕ ಅವರ ಬಳಿ ಏಕೆ’ ಎಂದು ಕೇಳುವಾಗ ಆ ‘ನಮ್ಮ’ದಲ್ಲಿ ಅವನಿದ್ದಾನೋ ಇಲ್ಲವೋ ಎಂದು ನಾವು ಮೊದಲು ಹೇಳಬೇಕು.

ಬಾಗಿಲು ತೆರೆದಿರುವುದು ಎಂದರೇನು ಎಂಬುದೂ ಸುಲಭದ ಪ್ರಶ್ನೆಯಲ್ಲ. ಜರ್ಮನಿಯ ತ್ಯೂಬಿಂಗನ್ ವಿಶ್ವವಿದ್ಯಾಲಯ ಮೊಗ್ಲಿಂಗರಿಗೆ 1858ರಲ್ಲಿ, ಕಿಟೆಲ್ಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ವಿಶ್ವವಿದ್ಯಾಲಯ 2018ರಲ್ಲಿ ಹರ್ಮನ್ ಗುಂಡರ್ಟರ ಹೆಸರಿನ ಜಾಲತಾಣ ತೆರೆದು, ಅಲ್ಲಿದ್ದ ಮಿಶನ್ ಕಾಲದ ದಕ್ಷಿಣ ಭಾರತೀಯ ಭಾಷೆಗಳ ಪುಸ್ತಕಗಳನ್ನು ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ಬಾಸೆಲ್ಲಿನ ಪತ್ರಾಗಾರದ ಚಿತ್ರ, ನಕ್ಷೆಗಳೂ ಮೊಬೈಲಿನಲ್ಲಿ ಸಿಗುತ್ತವೆ. ರಾಮದುರ್ಗದ ಬಸ್ ನಿಲ್ದಾಣದಲ್ಲಿ ಕೂತು ನಾನು ಅಲ್ಲಿನ ಒಂದು ಮುಖಪುಟ ಬಿಡಿಸಿ ನೋಡಿದ್ದೇನೆ. ಬೈಲಹೊಂಗಲದ ಹುಡುಗಿಗೆ ತ್ಯೂಬಿಂಗನ್ನಿನ ಪುಸ್ತಕ ಸಿಕ್ಕಿ, ಪಕ್ಕದ ಓಣಿಯ ಕಟ್ಟು ಸಿಗುವುದಿಲ್ಲ. ದೂರ ಎಂಬುದನ್ನು ಮೈಲಿಯಲ್ಲಿ ಅಳೆಯುವ ಕಾಲ ಹೋಯಿತು.

ಆದರೂ ಪುಸ್ತಕ ಉಳಿದಷ್ಟಕ್ಕೇ ಎಲ್ಲವೂ ಉಳಿಯಿತು ಎನ್ನಲಾಗದು. ದಾಸರ ಪದ ಅಚ್ಚಾದಾಗ ಧಾಟಿ ಹೊರಗೇ ಉಳಿಯಿತು. ಲಾವಣಿಯೂ ಹಾಗೇ. ಸಂಗೊಳ್ಳಿ ನಮ್ಮ ಬೈಲಹೊಂಗಲ ತಾಲೂಕಿನ ಊರು. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಜನ ಅವನ ಮೇಲೆ ಕಟ್ಟಿ ಹಾಡಿದ ಲಾವಣಿಯನ್ನು ಬರೆಸಿಕೊಂಡು, 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯ ಸರಣಿಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಮಾಡಿಸಿದವನು ಜೆ.ಎಫ್. ಫ್ಲೀಟ್. ಸವದತ್ತಿಯ ರಟ್ಟರ ಶಾಸನಗಳನ್ನು ಪ್ರಕಟಿಸಿದವನೂ ಅವನೇ. ಅವನು ಸರ್ಕಾರದ ಅಧಿಕಾರಿ. ಗಲ್ಲಿಗೇರಿಸಿದ ಸರ್ಕಾರದ್ದೇ ಕೈ ಗಲ್ಲಿಗೇರಿದವನ ಹಾಡನ್ನು ಬರೆದುಕೊಂಡಿತು.

ಆ ಲಾವಣಿಯನ್ನು ನಾನು ಕನ್ನಡದಲ್ಲಿ ಕೈಬರಹ ಮಾಡಿಕೊಂಡು ನಮ್ಮ ಕಡೆಯ ಗೀಗೀ ಮೇಳದ ಹಿರಿಯರೊಬ್ಬರಿಗೆ ಒಯ್ದು ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಅರ್ಧಕ್ಕೆ ತಡೆದು, “ಇಲ್ಲೆ ಒಂದ್ ನುಡಿ ಬಿಟ್ಟಾರ ನೋಡ್ರಿ” ಎಂದರು. ನಾನು, ಇದು ನೂರ ಮೂವತ್ತು ವರ್ಷದ ಹಿಂದೆ ಬರೆದುಕೊಂಡದ್ದು ಅಜ್ಜಾ, ಆಗ ಹೀಗೇ ಹಾಡುತ್ತಿದ್ದರೇನೋ ಎಂದೆ. “ಹಾಡಿದವ ಪೂರಾ ಹಾಡಿದ್ದಾನು. ಬರಕೊಳ್ಳಾವಗ ಕೈ ಸೋತೀತು” ಎಂದರು. ಬರೆಸಿಕೊಂಡವನು ಯಾರು ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಗ ಯಾತಕ್ಕ ಬೇಕಾಗಿತ್ತೋ ಅವಗ ಗೊತ್ತು” ಎಂದು ನನ್ನ ಪೆನ್ನು ಇಸಿದುಕೊಂಡರು. ಬಿಟ್ಟುಹೋದ ನುಡಿಯನ್ನು ಅಂಚಿನಲ್ಲಿ ಬರೆದು, ಎರಡು ಕಡೆ ಪದ ಹೊಡೆದುಹಾಕಿ ಬೇರೆ ಹಾಕಿದರು. ಆಮೇಲೆ ತಮ್ಮ ಹಿಂದೆ ದನಿಗೂಡಿಸುವ ಹುಡುಗನಿಗಾಗಿ ಇನ್ನೊಂದು ಪ್ರತಿ ಝೆರಾಕ್ಸ್ ಮಾಡಿಸಿ ತಂದುಕೊಡಿ ಎಂದರು, ತಿದ್ದಿದ್ದನ್ನೇ.